ಚದರಡಿಗೆ ಎಷ್ಟು?

ರಾತ್ರಿ ಒಂಬತ್ತು. ಫಳ್ನೀರಿನ ಇಳಿಜಾರಲ್ಲಿ
ನಮ್ಮ ಅಂಗಡಿಯ ಶಟರ್ ಅರ್ಧ ಎಳೆದಿದೆ.
ಪ್ಲಾಟರ್ ಸುಮ್ಮನಾಗಿದೆ,
ಅದರ ಅಲಗು ಮಾತ್ರ ನನ್ನ ಕಿವಿಯೊಳಗೆ
ಇನ್ನೂ ಅಕ್ಷರ ಕೊರೆಯುತ್ತಿದೆ.

ಪ್ರಭುಗಳ ಕನ್ನಡಕದಂಗಡಿಗೆ ಕೊಟೇಶನ್ ಬರೆಯಬೇಕು.
ಎದುರಿನ ಗಾಜು ಹನ್ನೆರಡಡಿ ಅಗಲ, ಏಳಡಿ ಎತ್ತರ.
ವಿನೈಲಿಗೆ ಇಷ್ಟು, ಪ್ರಿಂಟಿಗೆ ಇಷ್ಟು,
ಬೆರಳು ಸಲೀಸಾಗಿ ಓಡುತ್ತದೆ,
ಸಾಮಾನಿಗೆ ಬಿಲ್ಲಿದೆ, ಬಿಲ್ಲಿಗೆ ನಂಬರಿದೆ.
'ಅಂಟಿಸುವ ಕೂಲಿ' ಎಂದು ಬರೆದಲ್ಲಿ
ಪೆನ್ನು ನಿಂತಿತು.

ಎಂಬತ್ತನಾಲ್ಕು ಚದರಡಿ.
ಇಪ್ಪತ್ತೈದರಂತೆ ಎರಡು ಸಾವಿರದ ನೂರು.
"ಎಂತ ಫ್ಲೋರಿನ್ ಬಾಯಿ, ಎರಡು ಗಂಟೆಯ ಕೆಲಸ!
ಸ್ಟಿಕ್ಕರ್ ತಾನೆ? ನನ್ನ ಮಗಳು ದಿನಾ
ನೋಟುಪುಸ್ತಕಕ್ಕೆ ಅಂಟಿಸುತ್ತಾಳೆ."
ಕಳೆದ ಸಲ ಪ್ರಭುಗಳು ಹೀಗೆಂದಾಗ
ನಾನು ನಕ್ಕು ಮುನ್ನೂರು ಬಿಟ್ಟಿದ್ದೆ.
ಆ ಮುನ್ನೂರು ಯಾರದ್ದೆಂದು ಯೋಚಿಸಿರಲಿಲ್ಲ.

ಮಯ್ಯದ್ದಿ ಎಂಟಕ್ಕೇ ಬರುತ್ತಾನೆ,
ರಿಕ್ಷಾದ ತಲೆಗೆ ಏಣಿ ಕಟ್ಟಿಕೊಂಡು.
ಅಂಗಡಿಯ ಬೀಗದ ಕೈ ಬರುವುದು ಹತ್ತಕ್ಕೆ.
ಮೆಟ್ಟಿಲಲ್ಲಿ ಕೂತ ಆ ಎರಡು ಗಂಟೆ
ಯಾವ ಚದರಡಿಯೊಳಗೆ?

ಮೊದಲು ಹಳೆಯದನ್ನು ಕೀಳಬೇಕು.
ಆರು ವರ್ಷ ಪಡುಬಿಸಿಲು ತಿಂದದ್ದು
ಹಾಳೆಯಾಗಿ ಏಳುವುದಿಲ್ಲ, ಉಗುರಗಲ, ಉಗುರಗಲ.
ಅಡಿಯ ಅಂಟು ಹಲಸಿನ ಮೇಣ,
ಆದರೆ ತೆಂಗಿನೆಣ್ಣೆಗೆ ಬಗ್ಗುವ ಜಾತಿಯದ್ದಲ್ಲ.
ಮತ್ತೆ ಶಾಂಪೂ ನೀರು: ಬಾಟಲಿಗೆ ಎರಡೇ ಹನಿ.
ಒಂದಾದರೆ ಜಾರುವುದಿಲ್ಲ, ಮೂರಾದರೆ ಹಿಡಿಯುವುದಿಲ್ಲ.
ಹಣೆಗೆ ಬೈರಾಸು ಬಿಗಿದಿರುತ್ತಾನೆ,
ಮೇ ತಿಂಗಳ ಸೆಕೆಯ ಒಂದು ಬೆವರ ಹನಿ
ಒಳಗೆ ಸಿಕ್ಕರೂ ಸಾಕು,
ಜನ ಹೆಸರು ಬಿಟ್ಟು ಗುಳ್ಳೆ ಓದುತ್ತಾರೆ.

ಅವನಿಗೆ ಜ್ವರ ಬಂದ ವಾರ
ಬಿಜೈಯ ಸಲೂನಿಗೆ ನಾನೇ ಹೋಗಿದ್ದೆ.
ಏನು ಮಹಾ ಎಂದುಕೊಂಡು.
ಎರಡು ಮೀಟರು ತನ್ನಷ್ಟಕ್ಕೆ ಮಡಚಿ ಅಂಟಿತು,
ಉಳಿದದ್ದು ಕಾವಲಿಯ ಮೇಲಿನ ನೀರುದೋಸೆ.
ಸೂಜಿ ಹಿಡಿದು ಚುಚ್ಚುತ್ತಾ ಸಂಜೆಯಾಯಿತು.
ಸಲೂನಿನವ ಒಳ್ಳೆಯವ, "ಪರವಾಗಿಲ್ಲ" ಅಂದ.
ಆ ಮಾತಿನಷ್ಟು ಯಾವ ಬೈಗುಳವೂ ಉರಿಯಲಿಲ್ಲ.

ಕಳೆದ ಸೋಮವಾರ ಬಂದರಿನಲ್ಲಿ
ಮುಚ್ಚಿದ ಟ್ರಾವೆಲ್ಸ್ ಒಂದರ ಹೆಸರು ಕೆರೆಯುವುದಿತ್ತು.
ಹನ್ನೊಂದು ವರ್ಷದ ಹಿಂದೆ ಅಂಟಿಸಿದ್ದೂ ಅವನೇ.
ಗಾಜು ಒರೆಸಿ, ಫಳಫಳ ಮಾಡಿ,
"ಬಾಯಮ್ಮ, ಇಲ್ಲಿ ಬನ್ನಿ" ಎಂದು
ಬಾಯಿ ತೆರೆದು ಗಾಜಿಗೆ 'ಹಾ' ಎಂದು ಉಸಿರೂದಿದ.
ಮಂಜಿನಲ್ಲಿ ಹಳೆಯ ಹೆಸರು ಮೂಡಿತು,
ಒಂದು ಕ್ಷಣ, ಬಿಳಿ ಬಿಳಿ.
"ನೋಡಿ, ಬಲಗಡೆ ಒಂದು ನೂಲು ಮೇಲೆ ಹೋಗಿದೆ.
ಯಾರಿಗೂ ಗೊತ್ತಾಗಲಿಲ್ಲ.
ನಾನು ಮಾತ್ರ ಈ ದಾರಿಯಲ್ಲಿ ಬರುವಾಗ
ಇಷ್ಟು ವರ್ಷವೂ ಆಚೆ ಬದಿ ನೋಡಿಕೊಂಡೇ ನಡೆದದ್ದು."

ಒಂದು ನೂಲಿಗೆ ಹನ್ನೊಂದು ವರ್ಷ.
ಇದನ್ನು ಯಾವ ಕಾಲಮ್ಮಿಗೆ ಹಾಕಲಿ?

ಅವನ ರೇಟು ಕೇಳಿದರೆ ಒಂದೇ ಉತ್ತರ:
"ನೀವೇ ನೋಡಿ ಕೊಡಿ."
ನಾನು ನೋಡದೆ ಕೊಡುತ್ತಾ ಬಂದಿದ್ದೇನೆ.

ಈಗ ಬರೆಯುತ್ತೇನೆ. ಹಳೆಯದು ಕೀಳಲು ಗಂಟೆಗಿಷ್ಟು, ಬೇರೆ.
ಏಣಿಗೆ ಬೇರೆ. ಕಾಯಿಸಿದರೆ ಅದಕ್ಕೂ.
ಪಡುವಣದ ಗಾಜಿಗೆ ಬೆಳಿಗ್ಗೆ ಮಾತ್ರ ಕೆಲಸ,
ಬೀಗದ ಕೈ ಎಂಟಕ್ಕೇ ಬರತಕ್ಕದ್ದು.
ಕೂಲಿ ಒಟ್ಟು ಮೂರು ಸಾವಿರದ ಎಂಟುನೂರು.
ಕೈ ಅಭ್ಯಾಸಬಲದಿಂದ ಇನ್ನೂರು ಹೊಡೆದು ಹಾಕಿತು.
ಹೊಸ ಹಾಳೆ ತೆಗೆದು
ಮೊದಲಿಂದ ಬರೆದೆ.

ನಮ್ಮದೇ ಬಾಗಿಲ ಗಾಜು ಬರಿದಾಗಿದೆ.
ಹೆಸರು ಹಾಕು ಮಾರಾಯ ಎಂದು
ಮೂರು ವರ್ಷದಿಂದ ಹೇಳುತ್ತಿದ್ದೇನೆ.
"ಅದು ಬಿಟ್ಟಿ ಕೆಲಸ ಅಲ್ವಾ ಬಾಯಮ್ಮ" ಎಂದು ನಗುತ್ತಾನೆ,
"ನಾಳೆ ಮಾಡುವ."